ಎಡೆಗೆ ಹಾಕಿದ ದೋಟಿ

ಎಳೆದರೆ ತಾನೇ ಬೀಗ ಬೀಳುವ ಬಾಗಿಲು ನಮ್ಮ ಮನೆಗೆ ಬೇಡವೆಂದು ಬಡಕೊಂಡೆ. ನನ್ನ ಮಗ ಕನಕರಾಜು ಕೇಳಲಿಲ್ಲ. ಹಿರೀಸಾವೆ ಊರಿಗೆಲ್ಲ ನಮ್ಮದೇ ಭದ್ರವಾದ ಮನೆಯಾಯಿತು. (ಇಲ್ಲಿಯವರೆಗೆ ಅದು ಹಿಡಿದು ನಿಲ್ಲಿಸಿರುವುದು ನಮ್ಮನ್ನು ಮಾತ್ರ.)

ಯಜಮಾನರು ತೀರಿಕೊಂಡ ಮೇಲೆ ಬಂದ ಮೊದಲ ಹಿರಿಯರ ಹಬ್ಬ ಅದು. ಪಟದ ಮುಂದೆ ಎಡೆ ಇಟ್ಟು, ಧೂಪ ಹಾಕಿ, ಬಾಗಿಲು ಮುಚ್ಚಿ ಎಲ್ಲರೂ ಆಚೆ ಕೂರಬೇಕು. ಸತ್ತವರು ಬಂದು ಉಣ್ಣುತ್ತಾರೆ. ನಾವು ಇಣುಕಿ ನೋಡಬಾರದು. ಅವರು ಉಂಡೆದ್ದ ಮೇಲೆಯೇ ನಮಗೆ ಊಟ.

ಬದುಕಿದ್ದಾಗ ಆ ಮನುಷ್ಯ ನೆಮ್ಮದಿಯಾಗಿ ಉಂಡದ್ದನ್ನು ನಾನು ಕಾಣೆ. ಮುದ್ದೆ ಮುರಿಯುವ ಹೊತ್ತಿಗೆ ಸರಿಯಾಗಿ ಯಾರಾದರೂ ಬೀದಿಯಿಂದ ಕೂಗುತ್ತಿದ್ದರು. ಇವರು ಕೈ ತೊಳೆದು ಎದ್ದುಬಿಡುತ್ತಿದ್ದರು. ಈ ಒಂದು ಊಟವಾದರೂ ಅಡ್ಡಿಯಿಲ್ಲದೆ ಆಗಲಿ ಎಂದು ನನ್ನ ಆಸೆ. ಬೆಳಗಿನಿಂದ ಮಹಾರಾಣಿಯ ಹಾಗೆ ಅಪ್ಪಣೆ ಹೊರಡಿಸಿದ್ದೆ.

"ಭಾಗ್ಯ, ಮಿಕ್ಸಿ ಸಾಕು. ಸದ್ದು ಮಾಡ್ಬ್ಯಾಡ."

"ಮಾವ ಇನ್ನೂ ಬಂದಿಲ್ವಲ್ಲ ಅತ್ತೆಮ್ಮ," ಎಂದಳು ಸೊಸೆ ಭಾಗ್ಯಲಕ್ಷ್ಮಿ.

"ದಾರೀಲವ್ರೆ ಕಣವ್ವ. ಕೇಳುಸ್ಕೊಂಡು ವಾಪಸ್ ಓಗ್ಬುಟ್ರೆ?"

ಕೋಳಿ ಸಾರು, ಮುದ್ದೆ, ಕಜ್ಜಾಯ, ತೂತಿನ ಉದ್ದಿನ ವಡೆ, ಒಂದು ಕಟ್ಟು ಬೀಡಿ, ಎಲ್ಲವೂ ಎಲೆಯ ಮೇಲೆ ಕೂತವು. ಮಗನನ್ನೂ ಸೊಸೆಯನ್ನೂ ಆಚೆ ಅಟ್ಟಿ, ಬಾಗಿಲನ್ನು ನಾನೇ ಭಕ್ತಿಯಿಂದ ಎಳೆದೆ. ಟಕ್ ಎಂದಿತು.

"ಅವ್ವ, ಕೀ?"

ಕೀ ಒಳಗೆ, ಪಟದ ಪಕ್ಕದ ಮೊಳೆಯಲ್ಲಿ.

"ಬಾಗ್ಲು ಒಡ್ದಾಕ್ತೀನಿ," ಎಂದ ಕನಕ.

"ಉಣ್ತಾ ಕುಂತವ್ರ ಮುಂದೆ ಬಾಗ್ಲು ಒಡೀತೀಯೇನ್ಲಾ? ಗಾಬ್ರಿ ಬಿದ್ದು ಎದ್ದೋದ್ರೆ ಏನ್ಲಾ ಮಾಡಾದು?"

ಹೊತ್ತು ಏರಿತು. ಮೂವರ ಹೊಟ್ಟೆಯೂ ಬಾಯಿ ಬಿಟ್ಟು ಮಾತಾಡತೊಡಗಿತು. ಕೊನೆಗೆ ಕನಕ ನುಗ್ಗೆಕಾಯಿ ಕೀಳುವ ಕೊಕ್ಕೆಯ ದೋಟಿ ತಂದು ಕಿಟಕಿಯ ಕಂಬಿಯೊಳಗೆ ತೂರಿಸಿದ.

"ನನ್ ಕೈಗೆ ಕೊಡು, ನೀನು ಎಡೆ ಚೆಲ್ಬುಡ್ತೀಯ," ಎಂದು ಕಿತ್ತುಕೊಂಡೆ. ಉಣ್ಣುವ ಹಿರಿಯರನ್ನು ನೋಡಬಾರದಲ್ಲ, ಕಣ್ಣನ್ನು ಬಿಗಿಯಾಗಿ ಮುಚ್ಚಿಕೊಂಡೆ. ಮೊಳೆ ಎಲ್ಲಿದೆಯೆಂದು ನನಗೆ ಗೊತ್ತಿಲ್ಲವೇ? ತಡಕಿದೆ. ಏನೋ ಸಿಕ್ಕಿಕೊಂಡಿತು. ಉಸಿರು ಬಿಗಿಹಿಡಿದು ಮೆಲ್ಲಗೆ ಎಳೆದೆ.

"ಬಂತೇನ್ಲಾ?"

ಕಣ್ಣು ಬಿಟ್ಟೆ. ಕೊಕ್ಕೆಯ ತುದಿಯಲ್ಲಿ ತೂತಿನ ವಡೆಯೊಂದು ತೂಗಾಡುತ್ತಿತ್ತು.

ಯಾರನ್ನೂ ಹತ್ತಿರ ಬಿಡದೆ ಕಾದವಳು, ಕಡೆಗೆ ಗಂಡನ ಎಲೆಗೇ ಕೊಕ್ಕೆ ಹಾಕಿದ್ದೆ. ಭಾಗ್ಯ ಸೆರಗನ್ನು ಬಾಯಿಗೆ ತುರುಕಿಕೊಂಡಳು. ಕನಕ ಗೋಡೆಯ ಕಡೆ ತಿರುಗಿದ, ಅವನ ಬೆನ್ನು ಕುಲುಕುತ್ತಿತ್ತು. ಅಳು ಬರಬೇಕಿತ್ತು ನನಗೆ. ಬಂದದ್ದು ನಗು. ಅವರು ಹೋದ ಮೇಲೆ ಈ ಮನೆಯ ಮುಂದೆ ಯಾರೂ ಹಾಗೆ ನಕ್ಕಿರಲಿಲ್ಲ; ನಕ್ಕರೆ ತಪ್ಪೇನೋ ಎಂದು ಒಬ್ಬರ ಮುಖ ಒಬ್ಬರು ನೋಡಿಕೊಂಡೇ ದಿನ ಕಳೆದಿದ್ದೆವು. ನಕ್ಕು ನಕ್ಕು ಮೆಟ್ಟಿಲ ಮೇಲೆ ಕುಸಿದೆ. ಹಸಿದ ಕೈ ಯಾವಾಗ ವಡೆಯನ್ನು ಬಾಯಿಗಿಟ್ಟಿತೋ ತಿಳಿಯದು.

"ಅತ್ತೆಮ್ಮ! ಮಾವಂದು!"

ಬಾಯಿ ತುಂಬಿತ್ತು. ಒಳಗೆ ಅವರು, ಆಚೆ ನಾವು. ಒಂದೇ ಎಲೆಯಿಂದ ಉಣ್ಣುತ್ತಿದ್ದೇವೆ ಅನ್ನಿಸಿತು. ಈ ಗಲಾಟೆಗೆ ಅವರು ಎದ್ದು ಹೋಗಿರಲಾರರು.

ಕನಕ ಕಣ್ಣೊರೆಸಿಕೊಂಡು ದೋಟಿಯನ್ನು ಮತ್ತೆ ಒಳಗೆ ಬಿಟ್ಟ. ಕೀಗಾಗಿ ಎಂದುಕೊಂಡೆ. ಕೊಕ್ಕೆ ನೆಲದ ಕಡೆಗೇ ಇಳಿಯಿತು.

"ನಂಗೂ ಒಂದು ಕಣ್ರೀ," ಎಂದಳು ಭಾಗ್ಯ.

ಗದರಿಸಬೇಕೆಂದು ಎದ್ದು ಹೋಗಿ, ಕಂಬಿಗೆ ಮುಖವಿಟ್ಟು ಒಳಗೆ ನೋಡಿದೆ.

"ಒಸಿ ಎಡಕ್ಕೆ ಕಣ್ಲಾ," ಎಂದೆ.