ಮೂರು ಚಾನೆಲ್ಲು, ಒಂದೇ ಬಾಯಿ

ನಾನು ಸುಮ್ಮನೆ ಕೂತರೂ ನಮ್ಮ ಕೆಸರೆಯ ಬೀದಿ ಸುಮ್ಮನೆ ಕೂರೋದಿಲ್ಲ. ಎಸ್ಸೆಸ್ಸೆಲ್ಸಿಯಲ್ಲಿ ಎರಡು ಸಲ ಡುಮ್ಕಿ ಹೊಡೆದವನಿಗೆ ಬೇರೆ ಕೆಲಸವೇನು? ನಡೆದದ್ದನ್ನ ನೋಡ್ತಿದ್ದೆ, ನಡೆಯದೇ ಇದ್ದದ್ದನ್ನ ಸ್ವಲ್ಪ ನಾನೇ ನಡೆಸ್ತಿದ್ದೆ. ಈ ಪ್ರಸಂಗಗಳು ಕೊಲ್ಲಿ ಕಡೆ ಯುದ್ಧ ನಡೀತಿದ್ದ ವರ್ಷದವು.

ಅರ್ಧ ಕ್ಷೌರ

ನಮ್ಮ ಬೀದಿಯ ಸಲೂನಿಗೆ ಆಗಷ್ಟೇ ಕೇಬಲ್ ಬಂದಿತ್ತು. ರಿಟೈರಾದ ಭೂಗೋಳದ ಮೇಷ್ಟ್ರು ದಿನಾ ಹತ್ತು ಗಂಟೆಗೆ ಬಂದು ರಿಮೋಟ್ ಹಿಡಿದರೆ ಮುಗೀತು. ಮೂರು ವಿದೇಶಿ ಚಾನೆಲ್ ಒಂದಾದ ಮೇಲೊಂದು ಹಾಕಿ, ಇಂಗ್ಲಿಷ್ ಬಾರದ ನಮಗೆಲ್ಲ ಬಿಡಿಸಿ ಹೇಳೋರು. ಬಾಂಬ್ ಹಾಕಿದವರಿಗೆ ಮೂರರಲ್ಲೂ ಒಂದೇ ಹೊಗಳಿಕೆ, ಬಾಂಬ್ ಬಿದ್ದ ಮನೆಯವರನ್ನ ಮಾತಾಡಿಸಿದವರು ಒಬ್ಬರೂ ಇಲ್ಲ ಅಂತ ಅವರ ದೂರು.

“ಮೂರು ಬಾಯಲ್ಲಿ ಒಂದೇ ಮಾತು ಬಂದ್ರೆ, ಹಿಂದೆ ಯಾರೋ ಕೂತು ಬರ್ಕೊಟ್ಟಿದಾರೆ ಅಂತ ಅರ್ಥ ಕಣ್ರೋ,” ಅನ್ನೋರು.

ಸಲೂನಿನವನು ಕತ್ತಿ ಹಿಡಿದುಕೊಂಡೇ ಮೈಮರೆತು ಕೇಳೋನು. ಒಂದು ಕೆನ್ನೆಯ ನೊರೆ ಒಣಗಿಸಿಕೊಂಡು ಕೂತಿದ್ದ ಗಿರಾಕಿ ಒಂದು ದಿನ ತಡೆಯಲಾರದೆ ಅಂದ: “ಸಾರ್, ಲೋಕದ ಇನ್ನೊಂದು ಮುಖ ಆಮೇಲೆ ತೋರ್ಸಿ. ನಂದು ಮೊದ್ಲು ಮುಗೀಲಿ.”

ನಲ್ಲಿ ಕಟ್ಟೆಯ ವರದಿ

ಬೀದಿ ನಲ್ಲಿಯ ಹತ್ತಿರ ಒಂದು ಪ್ಲಾಸ್ಟಿಕ್ ಕೊಡ ಒಡೆದು, ಮೇಲಿನ ಸಾಲಿನ ಮನೆಯವರಿಗೂ ಕೆಳಗಿನ ಸಾಲಿನ ಮನೆಯವರಿಗೂ ಜಗಳ ಹತ್ತಿಕೊಂಡಿತು. ಕೆಳಗಿನವರು ಒಡೆದರು ಅಂತ ಮೇಲೆ, ಮೇಲಿನವರು ಒಡೆದರು ಅಂತ ಕೆಳಗೆ ವರದಿ ಮುಟ್ಟಿಸಿದವನು ನಾನು. ಸಂಜೆ ಮೇಷ್ಟ್ರಿಗೂ ಹೇಳಿದೆ, ಎರಡೂ ಕಡೆಯದನ್ನ ಸಮವಾಗಿ. ಅವರು ಬೆನ್ನು ತಟ್ಟಿ, ಆ ವಿದೇಶಿಯವರು ನಿನ್ನನ್ನ ನೋಡಿ ಕಲೀಬೇಕು ಅಂದರು.

ಆಮೇಲೆ ಮೇಷ್ಟ್ರೇ ಹೋಗಿ ಎರಡೂ ಸಾಲಿನವರನ್ನ ವಿಚಾರಿಸಿದರು. ನನ್ನ ಕ್ರಿಕೆಟ್ ಚೆಂಡನ್ನ ಮಾತ್ರ ಯಾರೂ ವಿಚಾರಿಸಲಿಲ್ಲ.

ಅದು ಬೇರೆ, ಇದು ಬೇರೆ

ಮೇಷ್ಟ್ರ ಮಗನಿಗೆ ಎರಡು ಸಂಬಂಧ ತಪ್ಪಿಹೋಗಿದ್ದವು. ಹೆಣ್ಣಿನ ಕಡೆಯವರು ಬೀದಿಯಲ್ಲಿ ಹುಡುಗನ ಬಗ್ಗೆ ವಿಚಾರಿಸಿದಾಗ ಸಲೂನಿನವನು “ಒಳ್ಳೆಯವನೇ, ಆದ್ರೆ...” ಅಂತ ಶುರುಮಾಡಿ, ಆ ಆದ್ರೆಯನ್ನ ಅರ್ಧ ಗಂಟೆ ಎಳೆದಿದ್ದ. ಮೂರನೆಯದೂ ತಪ್ಪಿದರೆ ಇನ್ನು ಹೆಣ್ಣು ನೋಡೋದೇ ಇಲ್ಲ ಅಂತ ಆ ಮಗ ಹೇಳಿಬಿಟ್ಟಿದ್ದ. ಮನೆಯಲ್ಲಿ ಅವರಮ್ಮನಿಗೆ ಊಟ ಸೇರ್ತಿರಲಿಲ್ಲ.

ಈ ಸಲ ಊರಿನ ಇನ್ನೊಂದು ತುದಿಯ ವಿಜಯನಗರ ಬಡಾವಣೆಯ ಹೆಣ್ಣು. ಮೇಷ್ಟ್ರು ಮೂರು ವಾಕ್ಯ ಬರೆದು ಸಲೂನಿನವನಿಗೆ, ದಿನಸಿ ಅಂಗಡಿ ಅಕ್ಕನಿಗೆ, ಇಸ್ತ್ರಿಯವನಿಗೆ ಬಾಯಿಪಾಠ ಮಾಡಿಸಿದರು: ಹುಡುಗ ಅಪರಂಜಿ. ಬೆಳಿಗ್ಗೆ ಐದಕ್ಕೆ ಏಳ್ತಾನೆ. ತಲೆ ಎತ್ತಿ ಯಾರನ್ನೂ ನೋಡಲ್ಲ.

“ಮೇಷ್ಟ್ರೇ, ಆ ಚಾನೆಲ್ಲಿನವರು ಮಾಡೋದೂ ಇದೇ ಅಲ್ವಾ?” ಅಂದೆ.

“ಅದು ಬೇರೆ, ಇದು ಬೇರೆ ಕಣೋ. ಅವರದು ಪಿತೂರಿ, ನಮ್ಮದು ಒಗ್ಗಟ್ಟು.” ಆಮೇಲೆ, ಹೆಣ್ಣಿನ ಕಡೆಯವರು ವಿಚಾರಿಸೋಕೆ ಬರೋ ಆವತ್ತೊಂದು ದಿನ ನೀನು ಮನೆಯಿಂದ ಆಚೆ ಬರಕೂಡದು ಅಂದರು.

ವಿಜಯನಗರದ ಮಾವ

ಬಾರದೆ ಇರ್ತೀನಾ? ಮೋರಿ ಕಟ್ಟೆಯ ಮೇಲೆ ಕೂತಿದ್ದೆ. ಹೆಣ್ಣಿನ ಸೋದರಮಾವ ಮೂರೂ ಕಡೆ ವಿಚಾರಿಸಿ, ಅದೇ ಮೂರು ವಾಕ್ಯ ಅದೇ ವರಸೆಯಲ್ಲಿ ಕೇಳಿಸಿಕೊಂಡು ನೇರ ನನ್ನ ಹತ್ತಿರ ಬಂದರು. ಇಸ್ತ್ರಿಯವನಂತೂ ಮಧ್ಯೆ ಮರೆತು, ತಡೀರಿ ಸಾರ್ ಅಂತ ಮತ್ತೆ ಮೊದಲಿಂದ ಒಪ್ಪಿಸಿದ್ದನಂತೆ.

“ಏನಯ್ಯಾ, ಈ ಬೀದೀಲಿ ಎಲ್ಲರಿಗೂ ಸೇರಿ ಒಂದೇ ಬಾಯಾ?”

ಮೂರನೆಯದೂ ಕೈಬಿಟ್ಟೇಹೋಯ್ತು ಅನ್ನಿಸಿ, ಇದ್ದದ್ದನ್ನೇ ಹೇಳಿಬಿಟ್ಟೆ. “ಹುಡುಗ ಎಂಟಕ್ಕೆ ಮುಂಚೆ ಎದ್ದರೆ ನನ್ನ ಕಿವಿ ಕುಯ್ದುಬುಡಿ ಸಾರ್. ಕೋಪ ಬಂದ್ರೆ ಊಟ ಬುಡ್ತಾನೆ, ಅರ್ಧ ಗಂಟೆ ಬುಟ್ಟು ಬಂದು ಎರಡು ಪಟ್ಟು ತಿಂತಾನೆ. ಆದ್ರೆ ಅವರಮ್ಮ ಆಸ್ಪತ್ರೇಲಿದ್ದಾಗ ದಿನಾ ಸೈಕಲ್ಲಲ್ಲಿ ಗಂಜಿ ತಗೊಂಡೋಗ್ತಿದ್ದ. ಒಂದಿನಾನೂ ತಪ್ಪಿಸ್ಲಿಲ್ಲ.”

ಅವರು ಬಸ್ ಸ್ಟಾಪಿನ ಕಡೆ ಹೊರಟರು. ನಾಲ್ಕು ದಿನ ನಾನು ಮೇಷ್ಟ್ರ ಮನೆಯ ಕಡೆ ತಲೆ ಹಾಕಲಿಲ್ಲ.

ಐದನೇ ದಿನ ಮೇಷ್ಟ್ರೇ ಕರೆಸಿದರು. ಹೋದರೆ ತಾಂಬೂಲದ ತಟ್ಟೆ, ಪಕ್ಕದಲ್ಲಿ ಆ ಮಾವ. ಸಂಬಂಧ ಕುದುರಿತ್ತು. ನೋಡಿದ್ಯಾ ಒಗ್ಗಟ್ಟಿನ ಬಲ, ಅಂತ ಮೇಷ್ಟ್ರು ಎದೆ ಉಬ್ಬಿಸಿದರು. ಮಾವ ನಕ್ಕು, “ನಿಮ್ಮ ಒಗ್ಗಟ್ಟು ಕೇಳಿ ಬಸ್ಸು ಹತ್ತೋದ್ರಲ್ಲಿದ್ದೆ ಸಾರ್. ಇವನೊಬ್ಬ ನಿಜ ಹೇಳಿದ್ದಕ್ಕೆ ಒಪ್ಪಿದ್ದು,” ಅಂದರು.

ಮೇಷ್ಟ್ರು ಸೋಲ್ತಾರಾ? ನಾವೂ ವಿಜಯನಗರದಲ್ಲಿ ನಾಲ್ಕು ಮನೆ ವಿಚಾರಿಸಿದೆವು, ನಾಲ್ಕೂ ಕಡೆ ಹುಡುಗಿ ಅಡುಗೆಯಲ್ಲಿ ಸಾಕ್ಷಾತ್ ಅನ್ನಪೂರ್ಣೆ ಅಂತ ಹೇಳಿದ್ರು, ನಾವು ನಂಬಲಿಲ್ವಾ ಅಂತ ವಾದ ಹೂಡಿದರು.

ಮಾವ ಕಾಫಿ ಲೋಟ ಕೆಳಗಿಟ್ಟು ಮೆಲ್ಲಗೆ ಹೇಳಿದರು: “ಆ ನಾಲ್ಕು ಮನೆಗೂ ಹೇಳಿಕೊಟ್ಟೋನು ನಾನೇ ಸಾರ್. ನಮ್ಮುಡುಗಿಗೆ ಅನ್ನಕ್ಕೆ ನೀರೆಷ್ಟು ಇಡ್ಬೇಕು ಅಂತ ಇನ್ನೂ ಗೊತ್ತಿಲ್ಲ.”

ಮೇಷ್ಟ್ರು ನನ್ನ ಕಡೆ ತಿರುಗಿ, “ಲೋ, ಆವತ್ತು ವಿಜಯನಗರಕ್ಕೆ ನಿನ್ನನ್ನ ಕಳಿಸಬೇಕಾಗಿತ್ತು ಕಣೋ,” ಅಂದರು.