ತಟ್ಟೆಯ ಕೊನೆಯ ತುಂಡು

ಅಷ್ಟೆಲ್ಲಾ ರಾದ್ಧಾಂತಕ್ಕೆ ಕಾರಣವಾದದ್ದು ಒಂದೇ ಒಂದು ಚಾಕೊಲೇಟ್ ಕೇಕಿನ ತುಂಡು. ಅದೂ ಎಂಥದ್ದು? ತಟ್ಟೆಯಲ್ಲಿ ಉಳಿದ ಕೊನೆಯ ತುಂಡು.

ಅಮೆರಿಕದ ಮಿನೆಸೋಟ ರಾಜ್ಯದ ಆ ಪುಟ್ಟ ಊರಿನಲ್ಲಿ ಕೊನೆಯ ತುಂಡಿಗೆ ಯಾರೂ ಕೈ ಹಾಕುವುದಿಲ್ಲ. ಹಸಿವಿನಿಂದ ಕಣ್ಣು ಕತ್ತಲೆ ಬರುತ್ತಿದ್ದರೂ ಸರಿ, "ನಂಗೆ ಸಾಕಪ್ಪಾ, ನೀವು ತಗೊಳ್ಳಿ" ಎನ್ನಬೇಕು. ಎದುರಿನವರು "ಅಯ್ಯೋ, ನನ್ನ ಹೊಟ್ಟೆ ಬಿರೀತಿದೆ" ಎನ್ನಬೇಕು. ಈ ಉಪಚಾರ ನಡೆಯುತ್ತಿರುವಾಗಲೇ ತುಂಡು ಒಣಗಿ ಕಲ್ಲಾಗಿ ಕಸದ ಬುಟ್ಟಿ ಸೇರುತ್ತದೆ. ಯಾರಾದರೂ ತಿಂದರೋ, ಮುಗಿಯಿತು. ಮೊಮ್ಮಕ್ಕಳ ಮದುವೆಯಲ್ಲೂ ಜನ ಆ ಸುದ್ದಿ ಎತ್ತುತ್ತಾರೆ.

ಅಲ್ಲಿಯವರಿಗೆ ಇನ್ನೊಂದು ಕಾಯಿಲೆಯೂ ಇದೆ. ಯಾರು ಏನು ಸಲಹೆ ಕೊಟ್ಟರೂ ಬೇಡ ಎನ್ನಲು ಬಾಯಿ ಬರುವುದಿಲ್ಲ. ಈ ಎರಡನೆಯ ಕಾಯಿಲೆ ಡೆಲ್ಮರ್ ಕ್ವಾಮೆಗೆ ಸ್ವಲ್ಪ ಜಾಸ್ತಿಯೇ ಇತ್ತು. ಮೊಳೆ, ಸುತ್ತಿಗೆ, ನಲ್ಲಿ ಮಾರುವ ಅಂಗಡಿಯಲ್ಲಿ ಕೆಲಸ ಅವನದು. ಅಂಗಡಿಗೆ ಬಂದವರು ಮೊಳೆಯ ಜೊತೆಗೆ ಅವನ ಬೊಜ್ಜು, ಮೀಸೆ, ಸಂಸಾರ ಎಲ್ಲದರ ಬಗ್ಗೆಯೂ ನಾಲ್ಕು ಮಾತು ಹೇಳಿ ಹೋಗುತ್ತಿದ್ದರು. ಪಾಪ, ಅವನಿಗಿದ್ದ ಆಸೆ ಒಂದೇ. ಮೀನು ಹಿಡಿಯುವ ಕಾಲ ಶುರುವಾಗುವ ದಿನ ಅತ್ತೆಯ ಸರೋವರದ ಮನೆಗೆ ಒಬ್ಬನೇ ಹೋಗಬೇಕು, ದೋಣಿಯಲ್ಲಿ ಗಾಳ ಹಾಕಿ ಕೂರಬೇಕು, ಯಾರೊಬ್ಬರೂ ಅವನಿಗೆ ಏನನ್ನೂ ಹೇಳಬಾರದು.

ಆ ದಿನ ನಾಳೆಯೇ ಇತ್ತು. ಆ ಮನೆಯ ಬೀಗದ ಕೈ ಮಾತ್ರ ಹೆಂಡತಿ ಜೊಲೀನಳ ತಾಯಿ, ಆರ್ಡಿಸ್ ಅತ್ತೆಯ ಕೈಚೀಲದಲ್ಲಿತ್ತು.

ಅತ್ತೆ ಬೆಳಗ್ಗೆಯೇ ತಮ್ಮ ನಾಯಿ ಗುಸ್ತಾವನನ್ನು ಕರೆತಂದರು. ಗುಸ್ತಾವ ಬ್ಯಾಸೆಟ್ ಜಾತಿಯವನು. ಮೈ ಉದ್ದ, ಕಾಲು ಗಿಡ್ಡ, ಕಿವಿ ನೆಲ ಗುಡಿಸುವಷ್ಟು ಇಳಿಬಿದ್ದವು. ಮುಖ ನೋಡಿದರೆ ಈಗತಾನೇ ಯಾರದೋ ಮಣ್ಣು ಮುಗಿಸಿ ಬಂದ ಹಾಗೆ.

"ನೋಡಪ್ಪಾ," ಎಂದರು ಅತ್ತೆ. "ಕಣ್ಣಿನ ಡಾಕ್ಟರ ಹತ್ರ ಹೋಗಿ ಸಂಜೆಗೆ ಬರ್ತೀನಿ. ಜೊಲೀನ್ ಅವಳ ತಂಗಿ ಊರಿಗೆ ಹೋಗಿದಾಳೆ ಅಂತ ನಿನಗೆ ಒಪ್ಪಿಸ್ತಿದೀನಿ, ಗತಿ ಇಲ್ದೆ. ನಾನು ಬಂದಾಗ ಗುಸ್ತಾವ ಹೀಗೇ ಇದ್ರೆ ಕೀಲಿ ನಿಂದು. ಅವನ ಒಂದು ಕೂದಲು ಕೊಂಕಿದ್ರೂ ನೀನು ಬಕೆಟ್ಟಲ್ಲಿ ಗಾಳ ಹಾಕ್ಕೊಂಡು ಕೂತ್ಕೋ."

"ಕಣ್ಣಲ್ಲಿ ಕಣ್ಣಿಟ್ಟು ನೋಡ್ಕೋತೀನಿ ಅತ್ತೆ," ಎಂದ ಡೆಲ್ಮರ್.

ಅಷ್ಟರಲ್ಲಿ ಪಕ್ಕದ ಮನೆಯ ವರ್ನಾ ತಟ್ಟೆ ತುಂಬ ಚಾಕೊಲೇಟ್ ಕೇಕು ಹೊತ್ತುಕೊಂಡು ಬಂದರು. ಕಾಫಿಯ ವಾಸನೆ ಹಿಡಿದು ಎದುರು ಮನೆಯ ಡುವೇನ್ ಬಂದ. ಶಾಲೆಯ ಬಸ್ಸು ಓಡಿಸಿ ನಿವೃತ್ತನಾದವನು, ಈಗ ಓಡಿಸಲು ಬಸ್ಸಿಲ್ಲದೆ ಊರಿನವರ ಸಂಸಾರ ಓಡಿಸುತ್ತಿದ್ದ. ಎಲ್ಲರೂ ಕೂತು ತಿಂದರು, ಕುಡಿದರು, ಹರಟಿದರು. ಕೊನೆಗೆ ತಟ್ಟೆಯಲ್ಲಿ ಒಂದೇ ತುಂಡು ಉಳಿಯಿತು. ಮೂಲೆಯದು, ಅಂಚು ಗರಿಗರಿಯಾಗಿ, ಮೇಲೆ ಆಕ್ರೋಟು ಕೂತಿದ್ದು.

"ತಗೊಳ್ಳಿ ಆರ್ಡಿಸ್," ಎಂದರು ವರ್ನಾ.

"ಅಯ್ಯಯ್ಯೋ, ನಂಗ್ಯಾಕೆ! ಡುವೇನ್ ತಿನ್ನಲಿ, ಗಂಡಸು."

"ಡಾಕ್ಟ್ರು ಸಿಹಿ ಬೇಡ ಅಂದಿದಾರೆ," ಎಂದ ಡುವೇನ್, ಆಗಲೇ ನಾಲ್ಕು ತುಂಡು ನುಂಗಿದ್ದವನು. "ನನ್ನ ಹೊಸ ದೋಣಿ ನೋಡಿದ್ರಾ? ಟ್ರಕ್ಕಿಗೆ ಕಟ್ಟಿ ನಿಲ್ಲಿಸಿದೀನಿ, ಬನ್ನಿ."

ಎಲ್ಲರೂ ಅಂಗಳಕ್ಕೆ ಇಳಿದರು. ದೋಣಿ ನೋಡಿ ಹೊಗಳಿದರು. ಅತ್ತೆ ಒಳಗೆ ಹೋಗಿ ಮರೆತ ಕೈಚೀಲ ತಂದು, ಕಾರು ಹತ್ತಿ ಹೊರಟರು. ಉಳಿದವರು ಮತ್ತೆ ಅಡುಗೆಮನೆಗೆ ಬಂದರೆ ತಟ್ಟೆ ಖಾಲಿ! ಪಕ್ಕದಲ್ಲಿ ಕುರ್ಚಿ ಹಿಂದಕ್ಕೆ ಸರಿದಿತ್ತು. ಮೇಜಿನ ಕೆಳಗೆ ಗುಸ್ತಾವ ಕೂತು ಮೂತಿ ನೆಕ್ಕಿಕೊಳ್ಳುತ್ತಿದ್ದ.

ಡೆಲ್ಮರ್ ಓಡಿಹೋಗಿ ಗುಸ್ತಾವನ ಪಕ್ಕ ಕುಕ್ಕರಿಸಿದ.

"ಚಾಕೊಲೇಟು ನಾಯಿಗೆ ವಿಷ ಅಲ್ವೇನ್ರೀ!" ಎಂದ.

"ವಿಷಾನೇ," ಎಂದರು ವರ್ನಾ. ಮುಖ ಬಿಳಿಚಿಕೊಂಡಿತ್ತು, ಆದರೂ ದನಿಯಲ್ಲಿ ಒಂದಿಷ್ಟು ಹೆಮ್ಮೆ. "ಅದರಲ್ಲೂ ನಾನು ಹಾಲಿನ ಚಾಕೊಲೇಟು ಹಾಕೋಳಲ್ಲ. ಕಪ್ಪಂದ್ರೆ ಕಪ್ಪು, ಕಹಿ ಚಾಕೊಲೇಟು. ಇಡೀ ಗಟ್ಟಿ ಸುರಿದಿದೀನಿ. ಕಪ್ಪಾದಷ್ಟೂ ವಿಷ ಜಾಸ್ತಿಯಂತೆ!"

"ತಡ್ಕೊಳ್ಳಿ, ಗಾಬರಿ ಬೇಡ," ಎಂದ ಡುವೇನ್, ಅಂಗಿಯ ತೋಳು ಮಡಿಸಿಕೊಳ್ಳುತ್ತಾ. "ಸುಟ್ಟ ಬ್ರೆಡ್ಡು ತಿನ್ನಿಸು. ಇದ್ದಿಲು ವಿಷ ಹೀರ್ಕೊಳುತ್ತೆ."

ಡೆಲ್ಮರ್ ಬ್ರೆಡ್ಡು ಸುಟ್ಟ. ಅಡುಗೆಮನೆಯೆಲ್ಲಾ ಹೊಗೆಯಾಯಿತು. ಗುಸ್ತಾವ ಬ್ರೆಡ್ಡನ್ನು ಬಹಳ ಸಂತೋಷದಿಂದ ತಿಂದ.

"ಹಾಲು ಕುಡಿಸಿ, ತಂಪಾಗುತ್ತೆ," ಎಂದರು ವರ್ನಾ. ಡೆಲ್ಮರ್ ಹಾಲು ಕುಡಿಸಿದ. ಗುಸ್ತಾವ ಇನ್ನೂ ಬೇಕೆಂದು ಬಟ್ಟಲು ತಳ್ಳಿದ.

"ಓಡಿಸಯ್ಯಾ ಅವನನ್ನ. ಬೆವರಲ್ಲಿ ಇಳಿದುಹೋಗ್ಲಿ."

"ನಾಯಿ ಎಲ್ಲಿ ಬೆವರುತ್ತೆ ಡುವೇನ್! ಅಲುಗಾಡಿಸಬೇಡಿ, ಎದೆ ಬಡಿತ ಏರುತ್ತೆ."

ಇಬ್ಬರ ಮಾತನ್ನೂ ತೆಗೆದುಹಾಕುವ ಧೈರ್ಯ ಡೆಲ್ಮರನಿಗೆ ಎಲ್ಲಿಂದ ಬರಬೇಕು? ನಾಯಿ ಅಲುಗಾಡಬಾರದು, ಓಟವೂ ಆಗಬೇಕು. ಅವನು ಗುಸ್ತಾವನನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ತಾನೇ ಮನೆಯ ಸುತ್ತ ಓಡಿದ. ಅಕ್ಕಿ ಮೂಟೆಯಂಥ ನಾಯಿ. ಬೆವರು ಇಳಿದದ್ದು ಡೆಲ್ಮರನಿಗೆ. ಗುಸ್ತಾವ ಅವನ ಹೆಗಲ ಮೇಲೆ ಗಲ್ಲವಿಟ್ಟು ಬೀದಿ ನೋಡುತ್ತಿದ್ದ.

ಡುವೇನ್ ಉಪ್ಪಿನ ಡಬ್ಬಿ ಹಿಡಿದುಕೊಂಡು ಹೊರಬಂದ. "ಉಪ್ಪುನೀರು ಕುಡಿಸಿದ್ರೆ ವಾಂತಿ ಆಗುತ್ತೆ. ಬಾಯಿ ತೆಗೆಸು."

ಅಷ್ಟರಲ್ಲಿ ಗುಸ್ತಾವನಿಗೆ ಒಂದು ಬಿಕ್ಕಳಿಕೆ ಬಂತು. ಓಡುತ್ತಿದ್ದ ಡೆಲ್ಮರ್ ಗಕ್ಕನೆ ನಿಂತ. ಅತ್ತೆ ಬಿಡು, ಕೀಲಿ ಬಿಡು, ಈ ಬಡಪಾಯಿ ತನ್ನ ಕೈಯಲ್ಲೇ ಹೋಗಿಬಿಟ್ಟರೆ? ಹೆಗಲ ಮೇಲೆ ಒದ್ದೆ ಮೂತಿಯಿಟ್ಟು ಎಷ್ಟು ನಂಬಿಕೆಯಿಂದ ಮಲಗಿದೆ!

"ಆಸ್ಪತ್ರೆಗೆ ಹೋಗೋಣ," ಎಂದು ಕೂಗಿದ. ಅವನು ಜನ್ಮದಲ್ಲಿ ಮೊದಲ ಸಲ ಕೂಗಿದ್ದು. ಡುವೇನನ ಕೈಯಿಂದ ಉಪ್ಪಿನ ಡಬ್ಬಿ ಬಿತ್ತು.

ಡೆಲ್ಮರನ ಕಾರಿಗೆ ಡುವೇನನ ದೋಣಿ ಅಡ್ಡ ನಿಂತಿತ್ತು. ದೋಣಿ ಬಿಚ್ಚಲು ಪುರುಸೊತ್ತಿಲ್ಲ. ಹಾಗಾಗಿ ಟ್ರಕ್ಕು, ಹಿಂದೆ ದೋಣಿ, ಒಳಗೆ ಮೂವರು, ಮೂವರ ತೊಡೆಯ ಮೇಲೆ ಉದ್ದಕ್ಕೆ ಗುಸ್ತಾವ, ಹೀಗೆ ಮೆರವಣಿಗೆ ಹೊರಟಿತು. ದಾರಿಯಲ್ಲಿ ಸಿಕ್ಕವರೆಲ್ಲ ಕೈ ಬೀಸಿ, "ಏನು, ಇವತ್ತೇ ಹೊರಟ್ರಾ ಮೀನಿಗೆ?" ಎಂದರು. ಡುವೇನ್ ಒಬ್ಬೊಬ್ಬರಿಗೂ ವೇಗ ತಗ್ಗಿಸಿ ಉತ್ತರ ಕೊಟ್ಟ.

ಪಶುವೈದ್ಯೆ ಡಾಕ್ಟರ್ ಒರ್ಟೆಗಾ ಅರಿಜೋನದ ಕಡೆಯವರು, ಊರಿಗೆ ಬಂದು ಒಂದು ಚಳಿಗಾಲವಷ್ಟೇ ಆಗಿತ್ತು. ಗುಸ್ತಾವನ ಎದೆಗೆ ಕೊಳವೆಯಿಟ್ಟು ಕೇಳಿದರು. "ಎದೆ ಬಡಿತ ಚೆನ್ನಾಗಿದೆ. ಏನಾದ್ರೂ ಕೊಟ್ರಾ?"

"ಸುಟ್ಟ ಬ್ರೆಡ್ಡು. ಹಾಲು," ಎಂದ ಡೆಲ್ಮರ್.

"ಸುಟ್ಟ ಬ್ರೆಡ್ಡು ವಿಷ ಹೀರಲ್ಲ, ಮನೆಗೆ ಹೊಗೆ ಅಷ್ಟೇ. ಉಪ್ಪುನೀರು ಕುಡಿಸಿಲ್ಲ ತಾನೆ? ಅದರಿಂದಾನೇ ಸತ್ತಿರೋ ನಾಯಿಗಳಿದಾವೆ."

ಡುವೇನ್ ಗೋಡೆಯ ಮೇಲಿದ್ದ ಬೆಕ್ಕಿನ ಚಿತ್ರವನ್ನು ಬಹಳ ಆಸಕ್ತಿಯಿಂದ ನೋಡತೊಡಗಿದ.

"ಚಾಕೊಲೇಟಾಗ್ಲಿ, ದ್ರಾಕ್ಷಿ, ಒಣದ್ರಾಕ್ಷಿ, ಈರುಳ್ಳಿ ಆಗ್ಲಿ, ನಾಯಿ ತಿಂತು ಅಂದ್ರೆ ಮೊದಲು ನಂಗೆ ಫೋನ್ ಮಾಡಿ. ಮನೇಲಿ ಪ್ರಯೋಗ ಬೇಡ," ಎಂದು ಡಾಕ್ಟರು ವಾಂತಿಯ ಸೂಜಿ ಚುಚ್ಚಿದರು.

ಬಂತು. ಸುಟ್ಟ ಬ್ರೆಡ್ಡು ಬಂತು, ಹಾಲು ಬಂತು. ಹೋದ ವಾರ ಜೊಲೀನ್ ತವರಿಗೆ ಹೋಗಿದ್ದಾಗ ಕಳೆದುಕೊಂಡಿದ್ದ ಕಾಲುಚೀಲವೂ ಬಂತು. ಅರ್ಧಕ್ಕರ್ಧ ಡೆಲ್ಮರನ ಅಂಗಿಯ ಮೇಲೆಯೇ. ಚಾಕೊಲೇಟು ಮಾತ್ರ ಒಂದು ಚೂರೂ ಬರಲಿಲ್ಲ.

"ವಿಚಿತ್ರ," ಎಂದರು ಡಾಕ್ಟರು. "ಈ ಗಿಡ್ಡ ಕಾಲಲ್ಲಿ ಮೇಜಿಗೆ ಹೇಗೆ ಎಟುಕಿತು ಅನ್ನೋದೇ ನಂಗೆ ಅನುಮಾನ. ಅಲ್ಲಾ, ಮನುಷ್ಯರೇ ಯಾರಾದ್ರೂ ತಿಂದಿರಬಹುದಲ್ವಾ?"

ಡುವೇನ್ ಟೋಪಿ ತೆಗೆದು ಕೈಯಲ್ಲಿ ಹಿಡಿದ. ವರ್ನಾರ ಕಿವಿ ಕೆಂಪಾಯಿತು.

"ಕೊನೇ ತುಂಡು ಡಾಕ್ಟ್ರೇ," ಎಂದ ಡೆಲ್ಮರ್ ಮೆಲ್ಲಗೆ.

"ಅದಕ್ಕೇನು?"

"ಪಾಪ, ಹೊರಗಿನವರು, ತಿಳೀದು," ಎಂದು ವರ್ನಾ ಡುವೇನನ ಕಿವಿಯಲ್ಲಿ ಪಿಸುಗುಟ್ಟಿದರು.

ಸಂಜೆ ಅತ್ತೆ ಬರುವ ಹೊತ್ತಿಗೆ ಡೆಲ್ಮರ್ ಇಂಗು ತಿಂದ ಮಂಗನಂತೆ ಸೋಫಾದ ತುದಿಯಲ್ಲಿ ಕೂತಿದ್ದ. ಧೈರ್ಯ ಹೇಳಲು ವರ್ನಾ, ಡುವೇನ್ ಇಬ್ಬರೂ ಇದ್ದರು, ಅದರಿಂದ ಅವನ ಧೈರ್ಯ ಇನ್ನಷ್ಟು ಕುಗ್ಗಿತ್ತು. ಗುಸ್ತಾವ ನಡುಮನೆಯಲ್ಲಿ ಕೈಕಾಲು ಚಾಚಿ ಗೊರಕೆ ಹೊಡೆಯುತ್ತಿದ್ದ.

"ಅತ್ತೆ, ಒಂದು ತಪ್ಪಾಗಿಹೋಯ್ತು. ತಟ್ಟೇಲಿದ್ದ ಆ ತುಂಡು... ಗುಸ್ತಾವ ತಿಂದ್ಬಿಟ್ಟ."

"ಏನು?" ಎಂದರು ಅತ್ತೆ. ಮುಖ ಕೆಂಪಾಯಿತು, ಬೆಳ್ಳಗಾಯಿತು, ಮತ್ತೆ ಕೆಂಪಾಯಿತು. "ಆಮೇಲೆ? ಏನು ಮಾಡಿದ್ರಿ?"

"ಆಸ್ಪತ್ರೆಗೆ ಕರ್ಕೊಂಡು ಹೋದ್ವಿ. ಸೂಜಿ ಚುಚ್ಚಿ ವಾಂತಿ ಮಾಡಿಸಿದ್ರು."

"ಅಯ್ಯೋ ನನ್ನ ಕಂದಾ! ಸೂಜೀನಾ!" ಅತ್ತೆಯ ಕಣ್ಣಲ್ಲಿ ನೀರು ಬಂತು. ಕರವಸ್ತ್ರಕ್ಕೆಂದು ಕೈಚೀಲ ತೆರೆದು ಎಳೆದರು. ಕರವಸ್ತ್ರದ ಜೊತೆ ಒಂದು ಕಾಗದದ ನ್ಯಾಪ್ಕಿನ್ನೂ ಉದುರಿ ಡೆಲ್ಮರನ ಕಾಲ ಬಳಿ ಬಿತ್ತು. ಅವನ ಅಡುಗೆಮನೆಯದೇ, ಹೂವಿನ ಅಂಚಿನದು. ಒಳಗೆಲ್ಲ ಕಂದು ಕಲೆ, ಅದಕ್ಕೆ ಅಂಟಿಕೊಂಡು ಆಕ್ರೋಟಿನ ಒಂದು ಚೂರು.

ಡೆಲ್ಮರ್ ಅದನ್ನು ನೋಡಿದ. ಅತ್ತೆ ಡೆಲ್ಮರನನ್ನು ನೋಡಿದರು. ಇಗರ್ಜಿಯ ನೆಲಮಾಳಿಗೆಯಲ್ಲಿ ಭಾನುವಾರದ ಕಾಫಿ ಹಂಚುತ್ತಾ, ಕೊನೆಯ ತುಂಡಿಗೆ ಕೈ ಚಾಚಿದ ಊರ ಮಕ್ಕಳಿಗೆಲ್ಲ ಸೌಟಿನಿಂದ ಬೆರಳಿಗೆ ಬಾರಿಸಿದ ಆರ್ಡಿಸ್ ಅತ್ತೆ! ಆ ಮುಖದಲ್ಲಿ ಇಂಥ ದೈನ್ಯವನ್ನು ಅವನು ಎಂದೂ ಕಂಡಿರಲಿಲ್ಲ. ಅವನಿಗೆ ನಿಜವಾಗಿಯೂ ಅಯ್ಯೋ ಅನ್ನಿಸಿತು.

"ಅದೇನ್ರೀ ಬಿದ್ದದ್ದು?" ಎಂದು ವರ್ನಾ ಬಗ್ಗಿದರು.

ಡೆಲ್ಮರ್ ತಟ್ಟನೆ ಅದರ ಮೇಲೆ ಕಾಲಿಟ್ಟ. "ಏನಿಲ್ಲ. ತಪ್ಪೆಲ್ಲ ನಂದೇ ಅತ್ತೆ. ಕುರ್ಚಿ ಹಿಂದಕ್ಕೆ ಸರಿಸಿದ್ದವನು ನಾನೇ."

ಅತ್ತೆ ಮೂಗೊರೆಸಿಕೊಂಡರು, ಕಣ್ಣೊರೆಸಿಕೊಂಡರು. ಆಮೇಲೆ ಕೈಚೀಲದಿಂದ ಸರೋವರದ ಮನೆಯ ಕೀಲಿ ತೆಗೆದು ಅವನ ಅಂಗೈಗೆ ಒತ್ತಿದರು. "ಒಳ್ಳೇ ಹುಡುಗ ಕಣಪ್ಪಾ ನೀನು. ನನ್ನ ಮಗಳು ಪುಣ್ಯ ಮಾಡಿದ್ಲು."

ಡೆಲ್ಮರನಿಗೆ ಕಣ್ಣ ಮುಂದೆ ಸರೋವರ ಬಂತು, ದೋಣಿ ಬಂತು, ಮೌನ ಬಂತು. ಸ್ವರ್ಗಕ್ಕೆ ಮೂರೇ ಗೇಣು ಎನ್ನುವಷ್ಟರಲ್ಲಿ ಅತ್ತೆ ಮಾತು ಮುಂದುವರಿಸಿದರು.

"ಗುಸ್ತಾವನಿಗೂ ಗಾಳಿ ಬದಲಾವಣೆ ಬೇಕು, ಪಾಪ. ಅವನೂ ಬರ್ತಾನೆ. ಅವನನ್ನ ನೋಡ್ಕೊಳ್ಳೋಕೆ ನಾನೂ ಬರ್ತೀನಿ."

"ಟ್ರಕ್ಕಿಗೆ ದೋಣಿ ಕಟ್ಟೇ ಇದೆ," ಎಂದ ಡುವೇನ್. "ನಾನು ಬಿಡ್ತೀನಿ ಎಲ್ಲರನ್ನೂ."

"ಹಾಗಾದ್ರೆ ತಿಂಡಿ ನಂದು," ಎಂದರು ವರ್ನಾ. "ಚಾಕೊಲೇಟು ಮಾತ್ರ ಹಾಕಲ್ಲಪ್ಪಾ, ಪಾಠ ಕಲಿತೆ."

ಎಲ್ಲರೂ ಡೆಲ್ಮರನ ಕಡೆ ನೋಡಿದರು. "ಆಗ್ಲಿ, ಬನ್ನಿ," ಎಂದ ಡೆಲ್ಮರ್. ಬೇರೇನು ಹೇಳಲು ಅವನಿಗೆ ಬರುತ್ತಿತ್ತು?

ಮರುದಿನ ಬೆಳಗ್ಗೆ ದೋಣಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಗಾಳ ಹೀಗೆ ಹಿಡಿ ಎಂದ ಡುವೇನ್, ಹಾಗಲ್ಲ ಎಂದರು ವರ್ನಾ, ಕಿವಿಗೆ ಗಾಳಿ ಹೊಗುತ್ತೆ ಟೋಪಿ ಹಾಕ್ಕೋ ಎಂದರು ಅತ್ತೆ. ಗುಸ್ತಾವ ಡೆಲ್ಮರನ ಪಾದಗಳ ಮೇಲೆ ಮಲಗಿ ನಿದ್ದೆ ಹೋಗಿದ್ದ. ವರ್ನಾರ ಓಟ್ಸ್ ಕೇಕು ಸುತ್ತು ಹೊಡೆದು ಹೊಡೆದು ಕೊನೆಗೆ ಡಬ್ಬಿಯಲ್ಲಿ ಒಂದೇ ತುಂಡು ಉಳಿಯಿತು. ನೀವು ತಗೊಳ್ಳಿ, ನಂಗೆ ಸಾಕು, ಉಪಚಾರ ಮುಗಿಯಿತು. ಎಲ್ಲರೂ ನೀರು ನೋಡುತ್ತಾ ಕೂತರು.

ಆಗ ಡೆಲ್ಮರನ ಗಾಳದ ಕೋಲು ಬಿಲ್ಲಿನಂತೆ ಬಾಗಿತು. ನೀರಿನಡಿ ಬಂಗಾರದ ಬಣ್ಣದ ಬೆನ್ನೊಂದು ಹೊರಳಿತು. ತೋಳುದ್ದದ ಮೀನು! ಇಂಥದ್ದಕ್ಕಾಗಿ ಅವನು ಎಷ್ಟು ವರ್ಷ ಕನಸು ಕಂಡಿದ್ದ! "ಎಳಿ! ಬಿಡು! ಎಳಿ!" ಎಂದು ಡುವೇನ್ ಎದ್ದು ನಿಂತು ಅರಚಿದ. ಎಲ್ಲರ ಕಣ್ಣೂ ನೀರಿನ ಮೇಲೆ.

"ಅಯ್ಯೋ, ಡಬ್ಬಿ!" ಎಂದು ಚೀರಿದರು ವರ್ನಾ.

ಡಬ್ಬಿ ಖಾಲಿಯಾಗಿತ್ತು.

"ಗುಸ್ತಾವ! ಮತ್ತೆ ತಿಂದ!" ವರ್ನಾ ತಲೆಯ ಮೇಲೆ ಕೈ ಹೊತ್ತರು. "ಡೆಲ್ಮರ್, ಚಾಕೊಲೇಟು ಬೇಡ ಅಂತ ನಾನು ಅದಕ್ಕೆ ಒಣದ್ರಾಕ್ಷಿ ಸುರಿದಿದ್ದೆ! ಡಾಕ್ಟ್ರು ಅದೂ ವಿಷ ಅಂದಿದ್ರಲ್ಲ! ತಿರುಗಿಸಿ ದೋಣಿ!"

ಡೆಲ್ಮರ್ ಕೆಳಗೆ ನೋಡಿದ. ಗುಸ್ತಾವ ಅವನ ಪಾದದ ಮೇಲೆ ಗೊರಕೆ ಹೊಡೆಯುತ್ತಲೇ ಇದ್ದ. ಡೆಲ್ಮರ್ ಅತ್ತೆಯ ಕಡೆ ನೋಡಿದ. ಅತ್ತೆ ಬಾಯಿ ಬಿಗಿಯಾಗಿ ಮುಚ್ಚಿಕೊಂಡು ದೂರದ ದಡವನ್ನು ದಿಟ್ಟಿಸುತ್ತಿದ್ದರು, ಒಂದು ಕೆನ್ನೆ ಮಾತ್ರ ಉಬ್ಬಿಕೊಂಡು ಮೆಲ್ಲಗೆ ಅಲುಗಾಡುತ್ತಿತ್ತು.

ಡೆಲ್ಮರ್ ಜೇಬಿನಿಂದ ಚಾಕು ತೆಗೆದು ಗಾಳದ ದಾರ ಕತ್ತರಿಸಿದ, ದೋಣಿಯನ್ನು ಆಸ್ಪತ್ರೆಯ ಕಡೆಯ ದಡಕ್ಕೆ ತಿರುಗಿಸಿದ.