ಒಂದೇ ಬ್ರೋಷರ್‌ನಲ್ಲಿ ನಾನೇ ಮೂರು ಜನ

ಬೀದೀಲಿ ಹೋಗೋ ಮಾರಿ ಕೆಲವರ ಮನೆಗೆ ತಾನಾಗಿಯೇ ಬರುತ್ತಂತೆ. ನನ್ನ ಹತ್ತಿರ ಹಾಗೆ ಬರ್ತಿದ್ದದ್ದು ಕ್ಯಾಮೆರಾ.

ಎಂಬತ್ತರ ದಶಕ. ಅಮೆರಿಕದ ಪಾಲೋ ಆಲ್ಟೋ ಹತ್ತಿರದ ಒಂದು ಸಣ್ಣ ಕಾಲೇಜಿನ ಲೈಬ್ರರೀಲಿ, ವಾಪಸ್ಸು ಬಂದ ಪುಸ್ತಕಗಳನ್ನ ಕಪಾಟಿಗೆ ಜೋಡಿಸೋ ಕೆಲಸ ನನ್ನದು. ಮೈಸೂರಲ್ಲಿ ಬಿ.ಎಸ್ಸಿ. ಎರಡನೇ ವರ್ಷಕ್ಕೇ ಮದುವೆ ಮಾಡಿ ಕಳಿಸಿದ್ದರು. ಡಿಗ್ರಿ ಮುಗಿಸಬೇಕು ಅನ್ನೋ ಆಸೆ ಹೋಗಿರಲಿಲ್ಲ. ಆದರೆ ಮೂವತ್ತೈದು ತುಂಬಿತ್ತು, ಕೇಳೋಕೆ ನಾಚಿಕೆ.

೧. ಮೈಮರೆತ ವಿದ್ಯಾರ್ಥಿನಿ

ಒಂದು ದಿನ ದಪ್ಪ ಪುಸ್ತಕವೊಂದು ಜಾರಿ ಕಾಲ ಮೇಲೆ ಬಿತ್ತು. ನೋವು ಗೊತ್ತಾಗಿದ್ದು ಆಮೇಲೆ. ಸರಸ್ವತಿಗೆ ಕಾಲು ತಾಕಿತಲ್ಲ ಅಂತ ಮೊದಲು ಎತ್ತಿ ಕಣ್ಣಿಗೊತ್ತಿಕೊಂಡೆ. ಅಷ್ಟರಲ್ಲಿ ಫ್ಲ್ಯಾಶು ಹೊಡೀತು.

ಕಾಲೇಜಿನ ಫೋಟೋಗ್ರಾಫರು. ಹೊಸ ವಿದ್ಯಾರ್ಥಿಗಳನ್ನ ಸೆಳೆಯೋ ಬ್ರೋಷರ್‌ನಲ್ಲಿ, ಎಲ್ಲ ದೇಶ, ಎಲ್ಲ ಬಣ್ಣದವರೂ ಇಲ್ಲಿ ಓದ್ತಾರೆ ಅಂತ ತೋರಿಸಬೇಕಿತ್ತಂತೆ.

"ನಾನು ಸ್ಟೂಡೆಂಟ್ ಅಲ್ಲ" ಅಂದೆ.

"ಫೋಟೋದಲ್ಲಿ ಗೊತ್ತಾಗಲ್ಲ ಬಿಡಿ" ಅಂದರು.

ಅಚ್ಚಾದಾಗ ಕೆಳಗೆ ಬರೆದಿತ್ತು: "ಓದಿನಲ್ಲಿ ಮೈಮರೆತ ವಿದ್ಯಾರ್ಥಿನಿ." ಪುಸ್ತಕ ಕೊಳಾಯಿ ರಿಪೇರಿಯದು.

೨. ನಮ್ಮವರು ಎಷ್ಟು ಜನ

ಅದೇ ಬ್ರೋಷರ್‌ಗೆ ನನ್ನನ್ನ ಲ್ಯಾಬಿಗೂ ಕರೆಸಿದ್ದರು. ಸೀರೆ ಮೇಲೆ ಬಿಳಿ ಕೋಟು. "ಗುಂಡಿ ಹಾಕಬೇಡಿ, ಸೀರೆ ಕಾಣಬೇಕು" ಅಂತ ತಾಕೀತು. ಕೈಯಲ್ಲಿ ಹಿಡಿದ ಗಾಜಿನ ಕೊಳವೆಯಲ್ಲಿ ನನ್ನದೇ ಫ್ಲಾಸ್ಕಿನ ಕಾಫಿ. ಮೂರನೇ ಫೋಟೋ ಹುಲ್ಲಿನ ಮೇಲೆ, ಯಾರದೋ ಕನ್ನಡಕ ಹಾಕಿಸಿ.

ನಮ್ಮ ಯಜಮಾನರ ಆಫೀಸಲ್ಲಿ ಉಡುಪಿ ಕಡೆಯವರೊಬ್ಬರಿದ್ದರು, ನನ್ನನ್ನ ಕಂಡವರಲ್ಲ. ಇವರಿಗೆ ಬ್ರೋಷರ್ ತೋರಿಸಿ, "ಮಾರಾಯ್ರೇ, ಇಲ್ಲಿ ನಮ್ಮ ದೇಶದವರೇ ಮೂರು ಜನ ಇದ್ದಾರೆ. ಮಗಳನ್ನ ಧೈರ್ಯವಾಗಿ ಸೇರಿಸಬಹುದು" ಅಂದರಂತೆ.

ಸಂಜೆ ನಮ್ಮವರು ನನಗೆ ಹೇಳಿದರು: "ಮೂರು ಜನ ಓದ್ತಿದ್ದೀರಂತೆ. ಒಬ್ಬಳಾದರೂ ನಿಜವಾಗಿ ಓದಬಾರದೇನೇ?"

೩. ಅಚ್ಚಾದ ಸಾಕ್ಷಿ

ಮಾರ್ಕ್ಸ್ ಕಾರ್ಡು ಹಿಡಿದು ಅಡ್ಮಿಷನ್ ಆಫೀಸಿಗೆ ಹೋದೆ. ಅಲ್ಲಿದ್ದಾಕೆ ತಿರುವಿ ನೋಡಿ, "ಓದು ಬಿಟ್ಟು ಹದಿನೈದು ವರ್ಷ ಆಗಿದೆ. ಈಗ ಕಾಲೇಜಿಗೆ ಹೊಂದಿಕೊಳ್ಳೋದು ಕಷ್ಟ" ಅಂದರು.

ಮೇಜಿನ ಮೇಲೇ ಬ್ರೋಷರ್ ಇತ್ತು. ನನ್ನ ಮೂರೂ ಫೋಟೋ ಹುಡುಕಿ ತೋರಿಸಿದೆ.

"ಹೊಂದಿಕೊಂಡಿದ್ದೀನಿ ಅಂತ ನೀವೇ ಅಚ್ಚು ಹಾಕಿಸಿದ್ದೀರಲ್ಲ?"

ಆಕೆ ಫೋಟೋ ನೋಡಿದರು, ನನ್ನ ನೋಡಿದರು, ನಗು ತಡೀಲಾರದೆ ಫಾರಂ ಕೊಟ್ಟರು. ಸೀಟು ಸಿಕ್ಕಿತು. ನಾನು ಕಾರಲ್ಲಿ ಕೂತು ಸಂತೋಷಕ್ಕೆ ಅತ್ತುಬಿಟ್ಟೆ.

೪. ಪಕ್ಕಕ್ಕೆ ಸರೀರಿ

ಮುಂದಿನ ವರ್ಷ ಅದೇ ಫೋಟೋಗ್ರಾಫರು ಲೈಬ್ರರಿಗೆ ಬಂದರು. ನನಗೆ ಪರೀಕ್ಷೆ ಹತ್ತಿರ. ಪ್ಯಾಂಟು, ಸ್ವೆಟರು, ಕೆದರಿದ ತಲೆ, ಮುಂದೆ ಕೆಮಿಸ್ಟ್ರಿ ಪುಸ್ತಕ. ಈ ಸಲ ಸುಳ್ಳೇ ಇಲ್ಲವಲ್ಲ ಅಂತ ಜಂಬದಿಂದ ಬೆನ್ನು ನೆಟ್ಟಗೆ ಮಾಡಿ ಕೂತೆ.

ಅವರಿಗೆ ನನ್ನ ಗುರುತೇ ಸಿಗಲಿಲ್ಲ.

"ಮೇಡಂ, ಸ್ವಲ್ಪ ಪಕ್ಕಕ್ಕೆ ಸರೀತೀರಾ?" ಅಂದರು. "ನೋಡಿದರೆ ಸ್ಟೂಡೆಂಟ್ ಅನ್ನಿಸೋರು ಬೇಕಿತ್ತು."